ಷೇರಿನ ಹಿಂದಿರುವವರು ಯಾರು?

ಮಾನ್ಯರೇ,

ಅಕ್ಕಿ ಗಿರಣಿ ನಡೆಸುವ ಪ್ರೈವೇಟ್ ಲಿಮಿಟೆಡ್ ಕಂಪನಿಯೊಂದರಲ್ಲಿ ನಿಮಗೆ ನೂರಕ್ಕೆ ನಾಲ್ಕರಷ್ಟು ಷೇರುಗಳಿವೆ. ಮೂವತ್ತರಷ್ಟು ಈಚೆಗೆ ಮುಂಬೈ ವಿಳಾಸದ ಬೇರೊಂದು ಕಂಪನಿಯ ಕೈಸೇರಿವೆ. ಅದರ ಹಿಂದಿರುವವರು ಯಾರೆಂದು ಕೇಳಿದ್ದಕ್ಕೆ ನಿರ್ದೇಶಕರು ‘ಅದು ಖಾಸಗಿ ವಿಷಯ’ ಎಂದು ಬಾಯಿ ಮುಚ್ಚಿಸಿದರು, ಆರ್‌ಟಿಐ ಅರ್ಜಿ ಹಾಕಬಹುದೇ ಎಂದು ಕೇಳಿದ್ದೀರಿ.

ಆರ್‌ಟಿಐ ಸಾರ್ವಜನಿಕ ಪ್ರಾಧಿಕಾರಗಳಿಗೆ ಅನ್ವಯಿಸುವ ಕಾಯ್ದೆ. ನಿಮ್ಮ ಗಿರಣಿ ಅದರ ವ್ಯಾಪ್ತಿಗೆ ಬಾರದು. ಆದರೆ ಷೇರುದಾರರಾದ ನಿಮಗೆ 2013ರ ಕಂಪನಿ ಕಾಯ್ದೆಯ 90ನೇ ಸೆಕ್ಷನ್ ಇದೆ. ಮತ್ತೊಂದು ಕಂಪನಿ ಅಥವಾ ಟ್ರಸ್ಟಿನ ಮೂಲಕ, ಅಂದರೆ ಪರೋಕ್ಷವಾಗಿ, ಶೇ 10 ಅಥವಾ ಅದಕ್ಕೂ ಹೆಚ್ಚಿನ ಪಾಲು ಉಳ್ಳ ವ್ಯಕ್ತಿ ಅದನ್ನು 30 ದಿನಗಳಲ್ಲಿ ಬಿಇಎನ್-1 ನಮೂನೆಯಲ್ಲಿ ನಿಮ್ಮ ಕಂಪನಿಗೆ ಘೋಷಿಸಬೇಕು. ಕಂಪನಿ ಅದನ್ನು ಮತ್ತೆ 30 ದಿನಗಳೊಳಗೆ ಕಂಪನಿಗಳ ನೋಂದಣಿ ನೋಡಿಕೊಳ್ಳುವ ಸರ್ಕಾರಿ ಅಧಿಕಾರಿಯಾದ ರಿಜಿಸ್ಟ್ರಾರರಿಗೆ ತಿಳಿಸಿ, ತನ್ನ ರಿಜಿಸ್ಟರಿನಲ್ಲಿಯೂ ಬರೆದಿಡಬೇಕು. ಆ ರಿಜಿಸ್ಟರನ್ನು ನೋಡುವ ಹಕ್ಕು ಪ್ರತಿ ಷೇರುದಾರನಿಗೂ ಇದೆ, ಶುಲ್ಕ ಒಂದು ಸಲಕ್ಕೆ 50 ರೂಪಾಯಿ ಮೀರುವಂತಿಲ್ಲ. ‘ಖಾಸಗಿ’ ಎಂಬ ಉತ್ತರ ಇಲ್ಲಿ ನಿಲ್ಲದು. ಷೇರುದಾರರ ಪಟ್ಟಿಯನ್ನು ಶುಲ್ಕ ಕಟ್ಟಿದರೆ ದಾರಿಹೋಕರೂ ನೋಡಬಹುದು, ನಿಜ ಮಾಲೀಕರ ಪಟ್ಟಿಯನ್ನು ಷೇರುದಾರರಷ್ಟೇ ನೋಡಬೇಕು ಎಂಬ ಭೇದ ನನಗಂತೂ ವಿಚಿತ್ರವೆನಿಸುತ್ತದೆ.

ನಿಮ್ಮ ಪ್ರಕರಣದಲ್ಲಿ ಒಂದು ತೊಡಕು ಬರಬಹುದು. ಆ ಮುಂಬೈ ಕಂಪನಿಯಲ್ಲಿ ಒಬ್ಬನಿಗೆ ಅರ್ಧಕ್ಕಿಂತ ಹೆಚ್ಚು ಪಾಲಿದ್ದರೆ ಅವನು ಈ ನಿಯಮಕ್ಕೆ ಸಿಕ್ಕಿಬೀಳುತ್ತಾನೆ. ಅಣ್ಣತಮ್ಮಂದಿರಿಬ್ಬರಿಗೆ ಸರಿಯಾಗಿ ಅರ್ಧರ್ಧವಿದ್ದರೆ, ಇಬ್ಬರೂ ಒಂದೇ ಉದ್ದೇಶದಿಂದ ಜೊತೆಗೂಡಿ ನಡೆದುಕೊಳ್ಳುತ್ತಿದ್ದಾರೆಂದೋ ಗಿರಣಿಯ ಮೇಲಿನ ಹಿಡಿತ ಅವರದೇ ಎಂದೋ ತೋರಿಸದ ಹೊರತು, ಪಾಲಿನ ಲೆಕ್ಕದಲ್ಲಿ ಇಬ್ಬರೂ ನುಣುಚಿಕೊಳ್ಳುತ್ತಾರೆ. ಹಿಡಿತದ ಲೆಕ್ಕವೂ ಬರೀ ಮಾತಲ್ಲ. 2024ರ ಮೇ ತಿಂಗಳಲ್ಲಿ ದೆಹಲಿಯ ಕಂಪನಿಗಳ ರಿಜಿಸ್ಟ್ರಾರರು ಲಿಂಕ್ಡ್‌ಇನ್ ಇಂಡಿಯಾ ಪ್ರಕರಣದಲ್ಲಿ, ಲಿಂಕ್ಡ್‌ಇನ್‌ನ ಒಡೆತನವಿರುವ ಮೈಕ್ರೋಸಾಫ್ಟ್‌ನ ಮುಖ್ಯಸ್ಥ, ನಮ್ಮ ಮಣಿಪಾಲದಲ್ಲಿ ಓದಿದ ಸತ್ಯ ನಾದೆಲ್ಲಾ ಅವರಿಗೂ ಲಿಂಕ್ಡ್‌ಇನ್‌ನ ಆಗಿನ ಮುಖ್ಯಸ್ಥ ರಯಾನ್ ರೊಸ್ಲಾನ್ಸ್ಕಿ ಅವರಿಗೂ ತಲಾ 2 ಲಕ್ಷ ರೂಪಾಯಿ ದಂಡ ವಿಧಿಸಿದ ಆದೇಶ, ಯಾರು ಯಾರಿಗೆ ವರದಿ ಒಪ್ಪಿಸುತ್ತಾರೆಂಬುದನ್ನೂ ನೋಡಿತ್ತು.

ರಿಜಿಸ್ಟರ್ ಖಾಲಿಯಿದ್ದರೆ ನೀವು ಸುಮ್ಮನಿರಬೇಕಾಗಿಲ್ಲ. ಶೇ 10ಕ್ಕೆ ಕಡಿಮೆಯಿಲ್ಲದ ಪಾಲಿರುವ ಕಂಪನಿ, ಟ್ರಸ್ಟ್ ಮೊದಲಾದವುಗಳಿಗೆ ಬಿಇಎನ್-4 ನೋಟಿಸ್ ಕಳಿಸಿ ವಿಚಾರಿಸುವುದು ನಿಮ್ಮ ಕಂಪನಿಯ ಕರ್ತವ್ಯ. ಸಮರ್ಪಕ ಉತ್ತರ ಬಾರದಿದ್ದರೆ ನಿಮ್ಮ ಕಂಪನಿಯೇ ಕಂಪನಿ ಕಾನೂನು ನ್ಯಾಯಮಂಡಳಿಗೆ ಹೋಗಬೇಕು. ಆ ಷೇರುಗಳ ಮತದ ಹಕ್ಕನ್ನೂ ಡಿವಿಡೆಂಡನ್ನೂ ತಡೆಹಿಡಿಯುವ ಅಧಿಕಾರ ಮಂಡಳಿಗಿದೆ. ಆದ್ದರಿಂದ ರಿಜಿಸ್ಟರ್ ನೋಡಬೇಕೆಂಬ ಕೋರಿಕೆಯನ್ನು ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ನೋಟಿಸ್ ಯಾವ ತಾರೀಖಿಗೆ ಹೋಯಿತೆಂಬ ಪ್ರಶ್ನೆಯನ್ನೂ ಅದರಲ್ಲೇ ಸೇರಿಸಿ.

— ಸಂಪಾದಕ