ಓದುಗರ ಪ್ರಶ್ನೆ: ಡ್ರಾಕುಲಾ ಲುಗೋಸಿಯ ಕಂಠ

ಎರಡು ಸಂಚಿಕೆಗಳ ಹಿಂದೆ ಹಳೆಯ ಹಾಲಿವುಡ್ಡಿನ ಭಯಾನಕ ಚಿತ್ರಗಳ ಕುರಿತು ಉತ್ತರಿಸುವಾಗ ರಕ್ತ ಹೀರುವ ಡ್ರಾಕುಲಾನ ಪಾತ್ರದಿಂದ ಹೆಸರಾದ ಬೇಲಾ ಲುಗೋಸಿಯ ಹೆಸರನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೆ. ಅದು ಸಾಲದೆಂದು ಹಲವರು ಬರೆದಿದ್ದಾರೆ, ಕೆಲವರು ಗದರಿಸಿಯೂ ಬರೆದಿದ್ದಾರೆ. ಆದ್ದರಿಂದ ಈ ಬಾರಿಯ ಅಂಕಣ ಪೂರ್ತಿಯಾಗಿ ಆ ನಟನಿಗೇ ಮೀಸಲು.

ಪ್ರಶ್ನೆ: ಲುಗೋಸಿ ಎಂಬುದು ಮನೆತನದ ಹೆಸರೇ? ಡ್ರಾಕುಲಾ ಪಾತ್ರ ಮಾಡಿದ ನಟ ನಿಜವಾಗಿಯೂ ಟ್ರಾನ್ಸಿಲ್ವೇನಿಯಾದವರೆಂದು ಓದಿದ ನೆನಪು. ಅದು ಸರಿಯೇ? (ಕೆ. ಎಸ್., ತುಮಕೂರು)

ಮನೆತನದ ಹೆಸರು ಬ್ಲಾಸ್ಕೋ. 1882ರ ಅಕ್ಟೋಬರ್ 20ರಂದು ಆತ ಹುಟ್ಟಿದ ಊರು ಲುಗೋಶ್. ಅಂದು ಹಂಗೇರಿಗೆ ಸೇರಿದ್ದ ಆ ಊರು ಇಂದು ರುಮೇನಿಯಾದಲ್ಲಿದೆ. ಹುಟ್ಟಿದ ಊರನ್ನೇ ಹೆಸರಾಗಿ ಮಾಡಿಕೊಂಡು ರಂಗಕ್ಕಿಳಿಯುವುದು ಏನೆಂಬುದನ್ನು ಗುಬ್ಬಿ ವೀರಣ್ಣನವರ ಜಿಲ್ಲೆಯವರಾದ ತಮಗೆ ನಾನು ವಿವರಿಸಬೇಕಾಗಿಲ್ಲ. ಲುಗೋಶಿ ಎಂದರೆ ಹಂಗೇರಿಯ ಭಾಷೆಯಲ್ಲಿ ಲುಗೋಶಿನವನು ಎಂದೇ ಅರ್ಥ. ಆದರೆ ಆ ಊರಿರುವುದು ಬನಾತ್ ಸೀಮೆಯಲ್ಲಿ. ಕಥೆಯ ಡ್ರಾಕುಲಾನ ತವರಾದ ಟ್ರಾನ್ಸಿಲ್ವೇನಿಯಾ ಅದರ ಮಗ್ಗುಲಿನ ಸೀಮೆ. ಪ್ರಚಾರ ವಿಭಾಗಗಳಿಗೆ ಅಷ್ಟು ಹತ್ತಿರ ಇದ್ದರೆ ಸಾಕಲ್ಲವೇ!

ಚಿಕ್ಕ ವಯಸ್ಸಿನಲ್ಲೇ ಶಾಲೆ ಬಿಟ್ಟ ಹುಡುಗ ಊರೂರು ಸುತ್ತುವ ನಾಟಕ ತಂಡಗಳಲ್ಲಿ ಪಳಗಿ, 1913ರ ಹೊತ್ತಿಗೆ ಬುಡಾಪೆಸ್ಟಿನ ರಾಷ್ಟ್ರೀಯ ರಂಗಮಂದಿರವನ್ನು ಸೇರಿದನಾದರೂ ಅಲ್ಲಿ ದೊರೆತದ್ದು ಬಹುಮಟ್ಟಿಗೆ ಸಣ್ಣ ಪಾತ್ರಗಳು. ಮೊದಲ ಮಹಾಯುದ್ಧದಲ್ಲಿ ಸೈನಿಕನಾಗಿ ಗಾಯಗೊಂಡು ಮರಳಿದ. 1919ರಲ್ಲಿ ಬೇಲಾ ಕುನ್ ನೇತೃತ್ವದ ಕಮ್ಯುನಿಸ್ಟ್ ಸರ್ಕಾರ ಕೆಲವೇ ತಿಂಗಳು ಆಳಿ ಉರುಳಿದಾಗ, ನಟರ ಸಂಘವನ್ನು ಕಟ್ಟಲು ಓಡಾಡಿದ್ದ ಲುಗೋಸಿಗೆ ದೇಶದಲ್ಲಿ ಉಳಿಗಾಲವಿರಲಿಲ್ಲ. ವಿಯೆನ್ನಾ, ಬರ್ಲಿನ್‌ಗಳ ಹಾದಿಯಾಗಿ ಹೋಗಿ, ಸರಕು ಹಡಗೊಂದರಲ್ಲಿ ಕೆಲಸದಾಳಾಗಿ 1920ರ ಕೊನೆಯಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ಬಂದರಿನಲ್ಲಿ ಇಳಿದಾಗ ಆತನ ವಯಸ್ಸು 38. ಇಂಗ್ಲಿಷ್ ಹೆಚ್ಚುಕಡಿಮೆ ಬಾರದು.

ಪ್ರಶ್ನೆ: ಬಹಳ ಹೊಗಳಿಕೆ ಕೇಳಿ 1931ರ ಡ್ರಾಕುಲಾ ಚಿತ್ರವನ್ನು ನೋಡಿದೆ. ತೀರಾ ನಿಧಾನ. ಲುಗೋಸಿ ಒಂದೊಂದು ಮಾತನ್ನೂ ಎಳೆದೆಳೆದು ಆಡುತ್ತಾರೆ. ಇದರಲ್ಲಿ ಮೆಚ್ಚುವುದಕ್ಕೆ ಏನಿದೆ? (ಎಂ. ಬಿ., ಧಾರವಾಡ)

ತಮ್ಮ ಆಕ್ಷೇಪದಲ್ಲಿ ಅರ್ಧ ನಿಜವಿದೆ. ಚಿತ್ರದ ಮೊದಲ ಇಪ್ಪತ್ತು ನಿಮಿಷಗಳು ಕಳೆದು ಕಥೆ ಇಂಗ್ಲೆಂಡಿಗೆ ಬಂದಮೇಲೆ ಅದು ದಿವಾನಖಾನೆಯಲ್ಲಿ ಕುಳಿತು ಮಾತನಾಡುವವರ ಚಿತ್ರವಾಗಿಬಿಡುತ್ತದೆ. ನಾಟಕದಿಂದ ಬಂದದ್ದೆಂಬುದು ಎದ್ದು ಕಾಣುತ್ತದೆ. ಆದರೆ ಲುಗೋಸಿಯ ಮಾತಿನ ವಿಚಾರವೇ ಬೇರೆ.

ಅಮೆರಿಕಕ್ಕೆ ಬಂದ ಎರಡೇ ವರ್ಷದಲ್ಲಿ, ಅಂದರೆ 1922ರಲ್ಲಿ, ನ್ಯೂಯಾರ್ಕಿನ ಇಂಗ್ಲಿಷ್ ನಾಟಕವೊಂದರಲ್ಲಿ ಪಾತ್ರ ಸಿಕ್ಕಿದಾಗ ಆತ ತನ್ನ ಸಂಭಾಷಣೆಯನ್ನು ಬರೀ ಉಚ್ಚಾರಣೆಯ ಆಧಾರದಿಂದ ಬಾಯಿಪಾಠ ಮಾಡಿ ಒಪ್ಪಿಸಿದ್ದ. ಭಾಷೆಯನ್ನು ಕಿವಿಯಿಂದ ಹೀಗೆ ಕಲಿತವನಿಗೆ ಪದದ ನಡುವೆ ಎಲ್ಲಿ ಒತ್ತು ಬೀಳಬೇಕೆಂಬ ರೂಢಿಯ ಹಂಗಿರುವುದಿಲ್ಲ. ಸ್ಥಳೀಯರು ನುಂಗಿಬಿಡುವ ಅಕ್ಷರವನ್ನು ಆತ ತೂಗಿ ನುಡಿಯುತ್ತಾನೆ. 1927ರ ಅಕ್ಟೋಬರ್‌ನಲ್ಲಿ ಬ್ರಾಡ್‌ವೇಯಲ್ಲಿ ತೆರೆಕಂಡ ಡ್ರಾಕುಲಾ ನಾಟಕ 261 ಪ್ರದರ್ಶನಗಳನ್ನು ಕಂಡದ್ದಕ್ಕೆ ಈ ನುಡಿಯೂ ಒಂದು ಕಾರಣವೆಂದು ನಾನು ನಂಬುತ್ತೇನೆ. ನೂರಾರು ವರ್ಷ ಬದುಕಿರುವ, ಯಾರ ಕಾಲಕ್ಕೂ ಯಾರ ಊರಿಗೂ ಸೇರದ ಜೀವಿ ಮಾತನಾಡಿದರೆ ಹಾಗಲ್ಲದೆ ಇನ್ನು ಹೇಗೆ ಮಾತನಾಡಬೇಕು? ಕಂಪನಿ ನಾಟಕಗಳಲ್ಲಿ ಕಡೆಯ ಸಾಲಿನ ಪ್ರೇಕ್ಷಕನಿಗೂ ಮುಟ್ಟುವಂತೆ ಮಾತು ಒಪ್ಪಿಸುತ್ತಿದ್ದ ಹಿರಿಯ ನಟರನ್ನು ಕೇಳಿದವರಿಗೆ ಆ ಎಳೆತ ಅಷ್ಟೇನೂ ಪರಕೀಯವೆನಿಸದು.

ನಿರ್ದೇಶಕ ಟಾಡ್ ಬ್ರೌನಿಂಗ್ ಚಿತ್ರಕ್ಕೆ ಹಿನ್ನೆಲೆ ಸಂಗೀತ ಇಲ್ಲವೆನ್ನುವಷ್ಟು ಕಡಿಮೆ: ಶೀರ್ಷಿಕೆಯ ಹೊತ್ತಿನಲ್ಲಿ ಚೈಕೋವ್‌ಸ್ಕಿಯ ಒಂದು ತುಣುಕು, ನಡುವೆ ಸಂಗೀತಸಭೆಯ ದೃಶ್ಯ, ಅಷ್ಟೆ. ಉಳಿದದ್ದೆಲ್ಲ ನಿಶ್ಶಬ್ದ, ಆ ನಿಶ್ಶಬ್ದದ ಮೇಲೆ ಈ ಕಂಠ. ಛಾಯಾಗ್ರಾಹಕ ಕಾರ್ಲ್ ಫ್ರಾಯಿಂಡ್ ಕಣ್ಣುಗಳ ಮೇಲೆ ಮಾತ್ರ ಸಣ್ಣ ಬೆಳಕಿನ ಕೋಲನ್ನು ಬಿಟ್ಟಿರುವುದನ್ನು ಇನ್ನೊಮ್ಮೆ ಗಮನಿಸಿ. ಕೋರೆಹಲ್ಲು ಚಿತ್ರದಲ್ಲಿ ಎಲ್ಲಿಯೂ ಕಾಣುವುದಿಲ್ಲ. ಅದೇ ಸೆಟ್ಟುಗಳಲ್ಲಿ ರಾತ್ರಿಯ ಹೊತ್ತು ಬೇರೆ ನಟರನ್ನಿಟ್ಟು ಒಂದು ಸ್ಪ್ಯಾನಿಷ್ ಆವೃತ್ತಿಯನ್ನು ಚಿತ್ರಿಸಲಾಗಿತ್ತು. ಕ್ಯಾಮೆರಾ ಕೆಲಸದಲ್ಲಿ ಅದು ಇದಕ್ಕಿಂತ ಮೇಲೆಂದು ಬಲ್ಲವರು ಹೇಳುತ್ತಾರೆ, ನಾನೂ ಒಪ್ಪುತ್ತೇನೆ. ಆದರೆ ಅದರಲ್ಲಿನ ಡ್ರಾಕುಲಾ ಮರುದಿನಕ್ಕೆ ಮರೆತುಹೋಗುತ್ತಾನೆ.

ಪ್ರಶ್ನೆ: ಫ್ರಾಂಕೆನ್‌ಸ್ಟೈನ್ ಚಿತ್ರದ ರಾಕ್ಷಸನ ಪಾತ್ರವನ್ನು ಅಹಂಕಾರದಿಂದ ತಿರಸ್ಕರಿಸಿದ್ದರಿಂದಲೇ ಲುಗೋಸಿ ಹಾಳಾದರು ಎನ್ನುತ್ತಾರೆ. ಹೌದೇ? (ಎಚ್. ಎನ್., ಮೈಸೂರು)

ಇದು ಎಲ್ಲರಿಗೂ ಇಷ್ಟವಾಗುವ ಕಥೆ, ಆದ್ದರಿಂದಲೇ ಸ್ವಲ್ಪ ಅನುಮಾನಿಸಬೇಕಾದ ಕಥೆ. ಡ್ರಾಕುಲಾ ಗೆದ್ದ ಮೇಲೆ ಅದನ್ನು ತಯಾರಿಸಿದ್ದ ಯೂನಿವರ್ಸಲ್ ಸಂಸ್ಥೆ ಆ ಪಾತ್ರಕ್ಕೆ ಲುಗೋಸಿಯ ಹೆಸರನ್ನೇ ಪ್ರಕಟಿಸಿತು. ರಾಬರ್ಟ್ ಫ್ಲೋರಿಯ ನಿರ್ದೇಶನದಲ್ಲಿ ಪರೀಕ್ಷೆಗಾಗಿ ಒಂದಿಷ್ಟು ಚಿತ್ರೀಕರಣವೂ ನಡೆಯಿತು. ಬಳಿಕ ಜೇಮ್ಸ್ ವೇಲ್ ನಿರ್ದೇಶಕರಾಗಿ ಬಂದರು. ಫ್ಲೋರಿ, ಲುಗೋಸಿ ಇಬ್ಬರೂ ಹೊರಗಾದರು. ಒಂದೂ ಮಾತಿಲ್ಲದ ಪಾತ್ರ ತನಗೆ ಬೇಡವೆಂದು ತಾನೇ ಬಿಟ್ಟೆ ಎಂಬುದು ಲುಗೋಸಿಯ ಕಡೆಯ ಕಥೆ, ವೇಲ್‌ಗೆ ಬೇಕಿದ್ದ ಮುಖವೇ ಬೇರೆ ಎಂಬುದು ಇನ್ನೊಂದು. ಎರಡೂ ಏಕಕಾಲಕ್ಕೆ ನಿಜವಾಗಿರಲು ಅಡ್ಡಿಯೇನಿಲ್ಲ.

ಪಾತ್ರ ಬೋರಿಸ್ ಕಾರ್ಲಾಫ್‌ಗೆ ಹೋಯಿತು. (ಇಂಗ್ಲಿಷ್ ಮನೆತನದ ಈ ನಟನ ತಂದೆ ಬ್ರಿಟಿಷ್ ಇಂಡಿಯಾದ ಉಪ್ಪಿನ ತೆರಿಗೆ ಇಲಾಖೆಯ ಅಧಿಕಾರಿಯಾಗಿದ್ದವರು.) ಯಕ್ಷಗಾನದ ಬಣ್ಣದ ವೇಷಧಾರಿಯಂತೆ ಗಂಟೆಗಟ್ಟಲೆ ಕುಳಿತು ಮುಖದ ಮೇಲೆ ಬಣ್ಣ, ಅಂಟುಗಳನ್ನು ಕಟ್ಟಿಸಿಕೊಂಡು, ಕಾರ್ಲಾಫ್ ಮಾತಿಲ್ಲದೆಯೇ ಲೋಕವನ್ನು ಗೆದ್ದದ್ದು ನಿಜ. 1934ರಲ್ಲಿ ಇಬ್ಬರೂ ಒಟ್ಟಿಗೆ ನಟಿಸಿದ ಬ್ಲ್ಯಾಕ್ ಕ್ಯಾಟ್ ಚಿತ್ರದ ಹೊತ್ತಿಗೆ, ಮೊದಲು ತಾರೆಯಾದವನು ಹೆಸರಿನ ಸಾಲಿನಲ್ಲಿ ಎರಡನೆಯವನಾಗಿದ್ದ.

ಆದರೆ ಹಾಳಾದ ಕಾರಣವನ್ನು ಹುಡುಕುವವರು ಲೆಕ್ಕದ ಪುಸ್ತಕವನ್ನೂ ನೋಡಬೇಕು. ಡ್ರಾಕುಲಾ ಚಿತ್ರಕ್ಕೆ ಲುಗೋಸಿಗೆ ದೊರೆತದ್ದು ವಾರಕ್ಕೆ 500 ಡಾಲರ್, ಏಳು ವಾರಕ್ಕೆ 3,500 ಡಾಲರ್. ಪಾತ್ರಕ್ಕಾಗಿ ಆತ ಹಾತೊರೆಯುತ್ತಿರುವುದು ಸಂಸ್ಥೆಗೆ ತಿಳಿದಿತ್ತು. ಹಾತೊರೆಯುವವನ ಬೆಲೆಯನ್ನು ವ್ಯಾಪಾರಿ ಏರಿಸುವುದಿಲ್ಲ. ಒಮ್ಮೆ ಅಗ್ಗಕ್ಕೆ ಒಪ್ಪಿದ ನಟ ಮುಂದೆಯೂ ಅಗ್ಗಕ್ಕೇ ಸಿಗುತ್ತಾನೆಂದು ಊರೆಲ್ಲ ತಿಳಿಯಿತು. 1936ರಲ್ಲಿ ಯೂನಿವರ್ಸಲ್ಲಿನ ಒಡೆತನ ಬದಲಾಯಿತು, ಬ್ರಿಟನ್ನಿನಲ್ಲಿ ಭಯಾನಕ ಚಿತ್ರಗಳ ವಿರುದ್ಧ ಸೆನ್ಸಾರ್ ಬಿಗಿಯಾಯಿತು, ಇಂಥ ಚಿತ್ರಗಳ ತಯಾರಿಕೆಯೇ ನಿಂತಿತು. ಕಾರ್ಲಾಫ್‌ಗೆ ಬೇರೆ ಪಾತ್ರಗಳು ಸಿಕ್ಕವು. ಆ ಉಚ್ಚಾರಣೆಯ ಲುಗೋಸಿಗೆ ಸಿಗಲಿಲ್ಲ. ಆತ ಮನೆ ಕಳೆದುಕೊಂಡ. 1938ರ ಜನವರಿಯಲ್ಲಿ ಮಗ ಹುಟ್ಟಿದಾಗ ಆಸ್ಪತ್ರೆಯ ಖರ್ಚಿಗೆ ಕಲಾವಿದರ ನೆರವು ನಿಧಿಯ ಮೊರೆಹೋದ. ಅದೇ ವರ್ಷ ಲಾಸ್ ಏಂಜಲೀಸ್‌ನ ಪುಟ್ಟ ಚಿತ್ರಮಂದಿರವೊಂದು ಹಳೆಯ ಡ್ರಾಕುಲಾ, ಫ್ರಾಂಕೆನ್‌ಸ್ಟೈನ್‌ಗಳನ್ನು ಒಟ್ಟಿಗೆ ಹಾಕಿ ಜನ ಮುಗಿಬೀಳದೇ ಹೋಗಿದ್ದರೆ ಆತನ ಕಥೆ ಅಲ್ಲಿಗೇ ಮುಗಿಯುತ್ತಿತ್ತೇನೋ. ಇದರಲ್ಲಿ ಅಹಂಕಾರದ ಪಾಲು ಎಷ್ಟೆಂದು ತಾವೇ ತೂಗಿ ನೋಡಿ.

ಪ್ರಶ್ನೆ: ಲುಗೋಸಿ ಒಟ್ಟು ಎಷ್ಟು ಚಿತ್ರಗಳಲ್ಲಿ ಡ್ರಾಕುಲಾ ಆಗಿದ್ದಾರೆ? ಗೆಳೆಯರ ನಡುವೆ ಪಂತವಾಗಿದೆ. (ಆರ್., ಹಾಸನ)

ಪೂರ್ಣಪ್ರಮಾಣದ ಚಿತ್ರಗಳ ಲೆಕ್ಕದಲ್ಲಿ ಎರಡೇ: 1931ರದ್ದು, ಮತ್ತು 1948ರಲ್ಲಿ ಅಬಟ್, ಕಾಸ್ಟೆಲ್ಲೊ ಎಂಬ ಹಾಸ್ಯಜೋಡಿಯೊಂದಿಗಿನ ಚಿತ್ರ. 1943ರಲ್ಲಿ ಕೊಲಂಬಿಯಾ ಸಂಸ್ಥೆಗಾಗಿ ಮಾಡಿದ ರಕ್ತಪಿಪಾಸುವಿನ ಹೆಸರು ಬೇರೆ. ಎರಡಕ್ಕಿಂತ ಹೆಚ್ಚೆಂದವರು ಪಂತ ಸೋತಿದ್ದಾರೆ.

ಪ್ರಶ್ನೆ: ಎಡ್ ವುಡ್ ಎಂಬ ಚಿತ್ರದಲ್ಲಿ ಲುಗೋಸಿಯ ಕೊನೆಯ ದಿನಗಳನ್ನು ನೋಡಿ ಮನಸ್ಸು ಕಲಕಿತು. ಅದೆಲ್ಲ ನಡೆದದ್ದೇ? (ಎಸ್. ಪಿ., ಮಂಗಳೂರು)

1994ರ ಆ ಚಿತ್ರದಲ್ಲಿ ಲುಗೋಸಿಯಾಗಿ ನಟಿಸಿದ ಮಾರ್ಟಿನ್ ಲ್ಯಾಂಡೌ ಆಸ್ಕರ್ ಪಡೆದರು. ಅದಕ್ಕೆ ಅವರು ಅರ್ಹರೇ. ಆದರೆ ಚಿತ್ರ ತೋರಿಸುವ ಒಂಟಿ ಮುದುಕ ಪೂರ್ತಿ ನಿಜವಲ್ಲ. ಮಗನಿದ್ದ, 1955ರಲ್ಲಿ ಮದುವೆಯಾದ ಐದನೆಯ ಹೆಂಡತಿ ಹೋಪ್ ಕೊನೆಯವರೆಗೂ ಜೊತೆಗಿದ್ದರು. ಸೊಂಟದಿಂದ ಕಾಲಿಗಿಳಿಯುವ ನರದ ನೋವಿಗೆಂದು ಆರಂಭವಾದ ಮಾದಕ ಔಷಧಿ ಬಿಡಲಾಗದ ಚಟವಾಗಿತ್ತು. ಅದೇ ವರ್ಷದ ಏಪ್ರಿಲ್‌ನಲ್ಲಿ ಆತ ಯಾರೂ ಹಿಡಿದು ತಂದು ಸೇರಿಸದೆ, ತಾನಾಗಿಯೇ ಸರ್ಕಾರಿ ಆಸ್ಪತ್ರೆಗೆ ಸೇರಿ, ಕೆಲವು ತಿಂಗಳ ಚಿಕಿತ್ಸೆ ಪಡೆದು ಹೊರಬಂದ. ತಾರೆಯರು ಇಂಥದ್ದನ್ನು ಮುಚ್ಚಿಡುತ್ತಿದ್ದ ಕಾಲದಲ್ಲಿ ಪತ್ರಿಕೆಯವರ ಮುಂದೆಯೇ ಇದನ್ನು ಒಪ್ಪಿಕೊಂಡದ್ದು ಸಣ್ಣ ಧೈರ್ಯವಲ್ಲ.

ಪೂರ್ತಿಯಾಗಿ ನಟಿಸಿದ ಕೊನೆಯ ಚಿತ್ರ 1956ರ ಬ್ಲ್ಯಾಕ್ ಸ್ಲೀಪ್. ಅದರಲ್ಲಿ ಆತನದು ಮೂಕ ಸೇವಕನ ಪಾತ್ರ. ಆ ವರ್ಷ ಆಗಸ್ಟ್ 16ರಂದು ಆತ ತೀರಿಕೊಂಡಾಗ ಮಗ ಮತ್ತು ಮಾಜಿ ಪತ್ನಿ ಲಿಲಿಯನ್ ಡ್ರಾಕುಲಾದ ನಿಲುವಂಗಿ ತೊಡಿಸಿಯೇ ಮಣ್ಣು ಮಾಡಿಸಿದರು. ತಾವು ನೋಡಿದ ಚಿತ್ರದ ಕಥಾನಾಯಕನಾದ ನಿರ್ದೇಶಕ ಎಡ್ ವುಡ್, ಲುಗೋಸಿ ಸಾಯುವ ಮುನ್ನ ಸುಮ್ಮನೆ ಚಿತ್ರಿಸಿಟ್ಟಿದ್ದ ಧ್ವನಿಯಿಲ್ಲದ ಕೆಲವು ತುಣುಕುಗಳನ್ನು ಪ್ಲಾನ್ ನೈನ್ ಫ್ರಮ್ ಔಟರ್ ಸ್ಪೇಸ್ ಚಿತ್ರದೊಳಗೆ ಹೊಲಿಯಲಾಯಿತು. ಉಳಿದ ದೃಶ್ಯಗಳಲ್ಲಿ ವುಡ್ ಪತ್ನಿಗೆ ಬೆನ್ನುನೋವಿನ ಚಿಕಿತ್ಸೆ ನೀಡುತ್ತಿದ್ದವರೊಬ್ಬರು, ಲುಗೋಸಿಗಿಂತ ಎತ್ತರದವರು, ಮುಖಕ್ಕೆ ನಿಲುವಂಗಿಯನ್ನು ಅಡ್ಡ ಹಿಡಿದು ಓಡಾಡಿದರು. ಲೋಕದ ಅತ್ಯಂತ ಕಳಪೆ ಚಿತ್ರವೆಂಬ ಬಿರುದು 1980ರಲ್ಲಿ ಅದಕ್ಕೆ ಅಂಟಿಕೊಂಡ ಮೇಲೆ, ಆ ಬಿರುದಿಗಾಗಿಯೇ ಅದನ್ನು ನೋಡುವವರ ಭಕ್ತವೃಂದ ಹುಟ್ಟಿತು. ನನಗೆ ಅದರಲ್ಲಿ ನಗು ಬರುವುದಿಲ್ಲ.

ಪ್ರಶ್ನೆ: ಲುಗೋಸಿಯ ಮುಖದ ಮೇಲಿನ ಹಕ್ಕಿನ ಕುರಿತು ನ್ಯಾಯಾಲಯದಲ್ಲಿ ಮೊಕದ್ದಮೆ ನಡೆದಿತ್ತೆಂದು ಕೇಳಿದ್ದೇನೆ. ನಾನು ವಕೀಲ, ಕುತೂಹಲದಿಂದ ಕೇಳುತ್ತಿದ್ದೇನೆ. (ಜಿ. ವಿ., ಹುಬ್ಬಳ್ಳಿ)

ನಡೆದಿತ್ತು. ಲುಗೋಸಿಯ ಚಹರೆಯಿರುವ ಡ್ರಾಕುಲಾ ಆಟಿಕೆ, ಮುಖವಾಡ ಮುಂತಾದವಕ್ಕೆ ಯೂನಿವರ್ಸಲ್ ಪರವಾನಗಿ ಮಾರತೊಡಗಿದಾಗ ಮಗ ಮತ್ತು ಹೋಪ್ ದಾವೆ ಹೂಡಿದರು. 1972ರಲ್ಲಿ ಕೆಳ ನ್ಯಾಯಾಲಯ ಅವರ ಪರ ತೀರ್ಪಿತ್ತರೂ, 1979ರಲ್ಲಿ ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ, ತನ್ನ ಹೆಸರು ಮತ್ತು ಚಹರೆಯ ಮೇಲಿನ ಹಕ್ಕು ವ್ಯಕ್ತಿಯೊಂದಿಗೇ ಮುಗಿಯುತ್ತದೆ, ವಾರಸುದಾರರಿಗೆ ಇಳಿಯುವುದಿಲ್ಲ ಎಂದಿತು. ವಾರಸುದಾರರು ಸೋತರು, ಆದರೆ ಆ ಸೋಲಿನ ಹಿನ್ನೆಲೆಯಲ್ಲೇ 1985ರಿಂದ ಜಾರಿಗೆ ಬಂದ ಅಲ್ಲಿನ ಕಾನೂನು ಸಾವಿನ ನಂತರವೂ ಐವತ್ತು ವರ್ಷ ಆ ಹಕ್ಕನ್ನು ಉಳಿಸಿತು, ಮುಂದೆ ಅದು ಎಪ್ಪತ್ತಾಯಿತು. ಇದರ ಲಾಭ ಉಂಡವರು ಬೇರೆ ತಾರೆಯರ ಮಕ್ಕಳು ಕೂಡ.

ಪ್ರಶ್ನೆ: ಲುಗೋಸಿಯ ಒಂದೇ ಒಂದು ಚಿತ್ರ ನೋಡುವುದಾದರೆ ಯಾವುದನ್ನು ನೋಡಲಿ? (ವಿ. ಕೆ., ಶಿವಮೊಗ್ಗ)

ಒಂದೇ ಎಂದರೆ 1939ರ ಸನ್ ಆಫ್ ಫ್ರಾಂಕೆನ್‌ಸ್ಟೈನ್. ನಿಲುವಂಗಿ ಇಲ್ಲ, ನುಣುಪಾಗಿ ಬಾಚಿದ ಕೂದಲಿಲ್ಲ. ಇಗೋರ್ ಎಂಬ ಗಡ್ಡದ ಮುದುಕ, ನೇಣಿಗೇರಿಸಿದರೂ ಸಾಯದೆ ಮುರಿದ ಕತ್ತಿನೊಂದಿಗೆ ಉಳಿದವನು. ಉಬ್ಬಿ ನಿಂತ ಕತ್ತಿನ ಮೂಳೆಯನ್ನು ಬೆರಳಿನಿಂದ ಬಡಿದು ಸದ್ದು ಕೇಳಿಸಿ ಹಲ್ಲು ಕಿರಿಯುತ್ತಾನೆ. ಚಿತ್ರೀಕರಣ ನಡೆಯುತ್ತಿದ್ದಂತೆಯೇ ನಿರ್ದೇಶಕ ರೋಲೆಂಡ್ ಲೀ ಈ ಪಾತ್ರವನ್ನು ಹಿಗ್ಗಿಸಿದರು. ಕಾರ್ಲಾಫ್‌ನ ರಾಕ್ಷಸ ಈತನ ಪಕ್ಕದಲ್ಲಿ ಮಂಕಾಗುತ್ತಾನೆ.

ಇದು ತಮಗೆ ಹಿಡಿಸಿದರೆ 1942ರ ಮುಂದಿನ ಭಾಗವನ್ನೂ ಹುಡುಕಿ ನೋಡಿ. ಅದರ ಕೊನೆಯಲ್ಲಿ ಇಗೋರ್‌ನ ಮಿದುಳನ್ನು ರಾಕ್ಷಸನ ತಲೆಗೆ ಕೂಡಿಸುತ್ತಾರೆ. ದೇಹ ಲಾನ್ ಚೇನಿ ಜೂನಿಯರ್‌ನದು, ಬಾಯಿ ತೆರೆದಾಗ ಹೊರಡುವ ಕಂಠ ಲುಗೋಸಿಯದು. ಮಾರನೆಯ ವರ್ಷ, ಅರುವತ್ತು ತುಂಬಿದ ವಯಸ್ಸಿನಲ್ಲಿ, ಹನ್ನೆರಡು ವರ್ಷಗಳ ಹಿಂದೆ ಕೈತಪ್ಪಿದ್ದ ರಾಕ್ಷಸನ ಪಾತ್ರ ಆತನಿಗೇ ಬಂತು. ಈ ಬಾರಿ ರಾಕ್ಷಸನಿಗೆ ಮಾತುಗಳಿದ್ದವು, ಲುಗೋಸಿ ಅವನ್ನು ಆಡಿದ್ದ. ಬಿಡುಗಡೆಗೆ ಮುನ್ನ ಸಂಸ್ಥೆ ಅಷ್ಟನ್ನೂ ಕತ್ತರಿಸಿ ತೆಗೆಯಿತು. ಈಗ ಆ ಚಿತ್ರವನ್ನು ನೋಡಿದರೆ, ಕೆಲವು ಕಡೆ ರಾಕ್ಷಸನ ತುಟಿಗಳು ಅಲುಗುವುದು ಮಾತ್ರ ಕಾಣುತ್ತದೆ.