ಲಿವರ್ ಟ್ರಾನ್ಸ್‌ಪ್ಲಾಂಟ್ ಸಂಶೋಧನೆಗೆ ಸರ್ಜನ್ನೇ ಆಗಬೇಕಾ?

ಖಂಡಿತ ಬೇಕಿಲ್ಲ. ಕಾಸರಗೋಡಿನ ಬದಿಯಡ್ಕದಲ್ಲಿ ಕನ್ನಡ ಮೀಡಿಯಂ ಓದಿ ಈಗ ಎಂಬಿಬಿಎಸ್ ಕೊನೇ ವರ್ಷದಲ್ಲಿದ್ದೇನೆ, ಸರ್ಜರಿ ಒಗ್ಗುವುದಿಲ್ಲ, ಆದರೆ ಲಿವರ್ ಕಸಿಯ ಸಂಶೋಧನೆ ಮಾಡುವ ಆಸೆ ಅಂತ ಬರೆದಿದ್ದೀರಿ. ನಾನೂ ಅದೇ ಜಿಲ್ಲೆಯ ಕುಂಬಳೆ ಕಡೆಯವನು. ಸರ್ಜನ್ ಅಲ್ಲ, ಕಸಿ ಆದವರನ್ನು ಆಮೇಲೆ ನೋಡಿಕೊಳ್ಳುವ ಲಿವರ್ ಡಾಕ್ಟರ್.

ಅಮೆರಿಕದ ಸರ್ಜನ್ ಥಾಮಸ್ ಸ್ಟಾರ್ಜ್ಲ್ ಅವರ ಬದುಕನ್ನೇ ನೋಡಿ. ಮನುಷ್ಯರಿಗೆ ಮೊದಲ ಸಲ ಲಿವರ್ ಕಸಿ ಮಾಡಿದ್ದು ಅವರೇ, 1963ರಲ್ಲಿ, ಡೆನ್ವರ್‌ನಲ್ಲಿ. ಆ ಮಗು ರಕ್ತ ನಿಲ್ಲದೆ ಟೇಬಲ್ ಮೇಲೇ ತೀರಿಕೊಂಡಿತು. ನಂತರದವರೂ ಹೆಚ್ಚು ದಿನ ಉಳಿಯಲಿಲ್ಲ. ಅವರು ಆಪರೇಷನ್ ನಿಲ್ಲಿಸಿ ಲ್ಯಾಬಿಗೆ ಮರಳಿದರು. 1967ರಲ್ಲಿ ಮತ್ತೆ ಶುರು ಮಾಡಿದಾಗ ಒಂದು ಮಗು ವರ್ಷಕ್ಕಿಂತ ಜಾಸ್ತಿ ಬದುಕಿತು. ಆದರೂ ಕಸಿ ಎಲ್ಲರ ಕೈಗೆಟುಕುವ ಚಿಕಿತ್ಸೆ ಆಗಲಿಲ್ಲ, ಯಾಕೆಂದರೆ ಹೊಲಿಗೆ ಎಷ್ಟು ಚೆನ್ನಾಗಿದ್ದರೂ ದೇಹ ಹೊಸ ಲಿವರನ್ನು ಒಪ್ಪಬೇಕಲ್ವಾ? ದಾರಿ ತೆರೆದದ್ದು ಔಷಧ. ಕೇಂಬ್ರಿಡ್ಜ್‌ನಲ್ಲಿ ಸರ್ಜನ್ ರಾಯ್ ಕಾಲ್ನ್ 1978ರಲ್ಲಿ ರೋಗಿಗಳಿಗೆ ಸೈಕ್ಲೋಸ್ಪೋರಿನ್ ಕೊಟ್ಟರು, ಕಸಿ ಮಾಡಿದ ಅಂಗವನ್ನು ದೇಹ ತಿರಸ್ಕರಿಸದಂತೆ ತಡೆಯುವ ಔಷಧ ಅದು, ಸ್ಟಾರ್ಜ್ಲ್ ಅದರ ಜೊತೆ ಸ್ಟೀರಾಯ್ಡ್ ಸೇರಿಸಿದರು. 1989ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಅದೇ ಕೆಲಸದ ಇನ್ನೊಂದು ಔಷಧ ಟ್ಯಾಕ್ರೋಲಿಮಸ್ ಬಂತು, ಅದು ಸಿಕ್ಕಿದ್ದು ಜಪಾನಿನ ಮಣ್ಣಿನ ಒಂದು ಬ್ಯಾಕ್ಟೀರಿಯಾದಲ್ಲಿ. 1991ರಲ್ಲಿ ಆಪರೇಷನ್ ಬಿಟ್ಟ ಮೇಲೂ ಸ್ಟಾರ್ಜ್ಲ್ ಸಂಶೋಧನೆ ಬಿಡಲಿಲ್ಲ.

ಈಗ ನಮ್ಮೂರಿಗೆ ಬನ್ನಿ. ಟ್ಯಾಕ್ರೋಲಿಮಸ್ ಸಾಮಾನ್ಯವಾಗಿ ಹನ್ನೆರಡು ಗಂಟೆಗೊಮ್ಮೆ ನುಂಗುವ ಮಾತ್ರೆ. ರಕ್ತದಲ್ಲಿ ಅದರ ಮಟ್ಟ ನೋಡಬೇಕಾದರೆ ಬೆಳಗಿನ ಮಾತ್ರೆಗೆ ಮೊದಲೇ ರಕ್ತ ತೆಗೆಯಬೇಕು. ಮುಳ್ಳೇರಿಯಾದಿಂದ ಮಂಗಳೂರಿಗೆ ಹೊರಟವರು ಅಭ್ಯಾಸಬಲದಿಂದ ಮನೆಯಲ್ಲೇ ನುಂಗಿ ಬಂದರೆ ರಿಪೋರ್ಟ್‌ನಲ್ಲಿ ಅಂಕಿ ಏರಿರುತ್ತದೆ. ಅದನ್ನು ನಂಬಿ ಡೋಸ್ ಇಳಿಸಿದರೆ ದೇಹ ಲಿವರ್ ಮೇಲೆ ತಿರುಗಿಬೀಳಬಹುದು. 2020ರಲ್ಲಿ ಕೊರೋನಾದಿಂದ ತಲಪಾಡಿಯ ಕೇರಳ-ಕರ್ನಾಟಕ ಗಡಿ ಮುಚ್ಚಿದಾಗ ನಮ್ಮ ಕಡೆಯ ರೋಗಿಗಳು ಎಷ್ಟು ಒದ್ದಾಡಿದರು ಅಂತ ನಿಮಗೇ ಗೊತ್ತು. ದೊಡ್ಡಾಸ್ಪತ್ರೆಯಿಂದ ದೂರ ಇರುವವರ ಔಷಧ ಮಟ್ಟ ಹೇಗೆ ಸರಿ ಇಡುವುದು ಎನ್ನುವುದು ಸಣ್ಣ ಪ್ರಶ್ನೆ ಅಲ್ಲ, ಸುಮ್ನೆ ಹೇಳುತ್ತಿಲ್ಲ. ಕನ್ನಡ, ತುಳು, ಮಲಯಾಳ ಮೂರರಲ್ಲೂ ರೋಗಿಯ ಮನೆಯವರ ಹತ್ತಿರ ಮಾತಾಡಬಲ್ಲ ಡಾಕ್ಟರ್ ಅದಕ್ಕೆ ಬೇಕೇ ಬೇಕು.

ದಾರಿ ಹೀಗೆ: ಮೂರು ವರ್ಷ ಎಂಡಿ ಮೆಡಿಸಿನ್, ಆಮೇಲೆ ಮೂರು ವರ್ಷ ಡಿಎಂ ಹೆಪಟಾಲಜಿ, ಅಂದರೆ ಲಿವರ್ ಕಾಯಿಲೆಗಳ ಉನ್ನತ ಓದು. ದೆಹಲಿಯ ಲಿವರ್ ಸಂಸ್ಥೆ ಐಎಲ್‌ಬಿಎಸ್, ಚಂಡೀಗಢದ ವೈದ್ಯಕೀಯ ಸಂಸ್ಥೆ ಪಿಜಿಐಯಲ್ಲಿ ಈ ಕೋರ್ಸ್ ಇದೆ. ಲ್ಯಾಬೇ ಇಷ್ಟವಾದರೆ ಇಮ್ಯುನಾಲಜಿಯಲ್ಲಿ (ದೇಹದ ರಕ್ಷಣಾ ವ್ಯವಸ್ಥೆಯ ಅಧ್ಯಯನ) ಪಿಎಚ್‌ಡಿ ಕೂಡ ಮಾಡಬಹುದು. ಎಂಡಿ ಥೀಸಿಸ್‌ಗೆ ವಿಷಯ ಕೇಳಿದಾಗ ಲಿವರಿನದ್ದೇ ಆರಿಸಿಕೊಳ್ಳಿ, ಗೈಡ್ ಬೇರೆ ಏನಾದರೂ ಹೇಳುವ ಮೊದಲೇ.