ಮೇ ತಿಂಗಳ ಸೆಕೆಗೆ ಕಾಸರಗೋಡಿನಲ್ಲಿ ಎಂಥ ಕೋಟು ಹೊಲಿಸಬೇಕು?

ಮೇ ತಿಂಗಳಲ್ಲಿ ತಮ್ಮನ ಮದುವೆ, ಸಂಜೆ ಕುಂಬಳೆ ಹತ್ತಿರ ರಿಸೆಪ್ಶನ್, ಹಾಲ್‌ನಲ್ಲಿ ಏಸಿ ಇಲ್ಲ, ಆದರೂ ಕೋಟು ಹಾಕಲೇಬೇಕಂತೆ, ಯಾವ ಬಟ್ಟೆ ಒಳ್ಳೆಯದು ಅಂತ ಕೇಳಿದ್ದೀರಿ. ಬಟ್ಟೆ ಮಾತು ಆಮೇಲೆ. ಮೊದಲು ಕೋಟಿನ ಒಳಮೈ ತಿರುಗಿಸಿ ನೋಡಿ. ಅರ್ಧ ಸೆಕೆ ಇರುವುದೇ ಅಲ್ಲಿ.

ಇದು ನನಗೆ ಗೊತ್ತಾದದ್ದು ನನ್ನದೇ ರಿಸೆಪ್ಶನ್ ಮುಗಿದ ಮೇಲೆ. ಬದಿಯಡ್ಕ ಕಡೆಯ ಹಾಲ್, ಏಪ್ರಿಲ್ ಕೊನೆ, ಮೇಲೆ ಫ್ಯಾನು ಸುಮ್ನೆ ತಿರುಗುತ್ತಿತ್ತು. ರೆಡಿಮೇಡ್ ಕೋಟು, ಬಟ್ಟೆ ತೆಳ್ಳಗೇ ಇತ್ತು, ಸಮ್ಮರ್ ಬ್ಲೇಜರ್ ಅಂತಲೇ ಕೊಟ್ಟಿದ್ದರು. ಆಲ್ಬಂ ನೋಡಿದರೆ ನಾನು ಮಳೆಯಲ್ಲಿ ನೆನೆದು ಬಂದವನ ಹಾಗೆ ನಿಂತಿದ್ದೇನೆ. ಎರಡು ಮಳೆಗಾಲ ಕಪಾಟಿನಲ್ಲಿ ಕೂತ ಮೇಲೆ ಅದಕ್ಕೆ ಬೂಸ್ಟು ಹಿಡಿಯಿತು, ಎದೆಯ ಹತ್ತಿರ ಗುಳ್ಳೆ ಗುಳ್ಳೆ ಎದ್ದಿತು. ಪರಿಚಯದ ಟೈಲರ್ ಹೊಲಿಗೆ ಬಿಚ್ಚಿ ತೋರಿಸಿದರು. ಮೇಲೆ ಪಾಲಿಯೆಸ್ಟರ್ ಮಿಕ್ಸ್, ನಡುವೆ ಎದೆ ಗಟ್ಟಿ ನಿಲ್ಲಲಿ ಅಂತ ಅಂಟು ಹಾಕಿ ಒತ್ತಿದ ಪದರ, ಅಂದರೆ ಪೇಸ್ಟಿಂಗ್, ಒಳಗೆ ಮೈತುಂಬ ಪಾಲಿಯೆಸ್ಟರ್ ಲೈನಿಂಗ್. ಆ ಅಂಟು ಬಿಟ್ಟದ್ದೇ ಗುಳ್ಳೆ. "ಇದು ರೈನ್‌ಕೋಟು ಮಾರಾಯ್ರೇ" ಅಂದರು.

ನಮ್ಮ ಅಜ್ಜ ಶಾಲೆ ಮಾಸ್ಟ್ರು. ಪಂಚೆಯ ಮೇಲೆ ಕರೀ ಕಾಟನ್ ಕೋಟು ಹಾಕಿಕೊಂಡು ಬೇಸಿಗೆಯಲ್ಲೂ ಗುಡ್ಡೆ ಹತ್ತಿ ಇಳಿದು ಶಾಲೆಗೆ ಹೋದವರು. ಆ ಕೋಟು ಈಗಲೂ ಮನೆಯಲ್ಲಿದೆ. ತಿರುಗಿಸಿ ನೋಡಿದೆ, ಬೆನ್ನಿಗೆ ಲೈನಿಂಗೇ ಇಲ್ಲ!

ಹಾಗಾಗಿ ಟೈಲರ್ ಹತ್ತಿರ ಹಾಫ್ ಲೈನಿಂಗ್ ಅಂತ ಹೇಳಿ. ಭುಜಕ್ಕೆ ಮತ್ತು ತೋಳಿಗೆ ಇರಲಿ, ತೋಳಿಗೆ ಇಲ್ಲದಿದ್ದರೆ ಷರ್ಟಿನ ಮೇಲೆ ಕೈ ಜಾರುವುದಿಲ್ಲ. ಬೆನ್ನಿನ ಕೆಳಗೆ ಬೇಡ. ಆ ಲೈನಿಂಗ್ ಕೂಡ ಬೆಂಬರ್ಗ್ ಅನ್ನುವ ಬಟ್ಟೆಯದು ಸಿಕ್ಕಿದರೆ ಒಳ್ಳೆಯದು, ಅದನ್ನು ಹತ್ತಿ ಬೀಜಕ್ಕೆ ಅಂಟಿಕೊಂಡ ಸಣ್ಣ ನಾರಿನಿಂದ ಮಾಡುತ್ತಾರೆ, ಪಾಲಿಯೆಸ್ಟರಿನ ಹಾಗಲ್ಲ, ಬೆವರು ಹೀರುತ್ತದೆ. ಲೈನಿಂಗ್ ಕಡಿಮೆಯಾದರೆ ದುಡ್ಡು ಉಳಿಯುತ್ತದೆ ಅಂದುಕೊಳ್ಳಬೇಡಿ. ಒಳಗಿನ ಹೊಲಿಗೆ ಎಲ್ಲ ಕಣ್ಣಿಗೆ ಕಾಣುತ್ತದೆ, ಪ್ರತಿ ಅಂಚಿಗೂ ಸಣ್ಣ ಪಟ್ಟಿ ಸುತ್ತಿ ಪೈಪಿಂಗ್ ಕೊಡಬೇಕು, ಅದಕ್ಕೇ ಕೆಲವರು ಆಗುವುದಿಲ್ಲ ಅಂತ ಜಾರಿಕೊಳ್ಳುವುದು. ಎದೆಗೆ ಪೇಸ್ಟಿಂಗ್ ಬದಲು ಕ್ಯಾನ್ವಾಸ್, ಅಂದರೆ ಅಂಟಿಲ್ಲದ ಗಟ್ಟಿ ಒಳಬಟ್ಟೆ, ಇಟ್ಟು ಹೊಲಿಯುವವರು ಸಿಕ್ಕಿದರೆ ಬಿಡಬೇಡಿ. ರೆಡಿಮೇಡ್ ಆದರೆ ಕೆಳಗಿನ ಗುಂಡಿಯ ಹತ್ತಿರ ಮೇಲಿನ ಬಟ್ಟೆ, ಒಳಗಿನ ಬಟ್ಟೆ ಎರಡನ್ನೂ ಎರಡು ಕೈಯಲ್ಲಿ ಚಿವುಟಿ ಹಿಡಿದು ಮೆಲ್ಲ ಎಳೆಯಿರಿ. ನಡುವೆ ಮೂರನೆಯ ಪದರ ಬೇರೆಯಾಗಿ ಕೈಗೆ ಸಿಕ್ಕಿದರೆ ಕ್ಯಾನ್ವಾಸ್.

ಈಗ ಬಟ್ಟೆ. ಎಲ್ಲರೂ ಲಿನನ್ ಅಂತಾರೆ. ಸರಿಯೇ, ಬೆವರು ಹೀರಿ ಬೇಗ ಒಣಗುತ್ತದೆ. ಆದರೆ ಷರ್ಟಿನ ತೆಳು ಲಿನನ್‌ನಲ್ಲಿ ಕೋಟು ಹೊಲಿಸಿದರೆ ತೊಳೆದು ನೇತುಹಾಕಿದ ಬಟ್ಟೆಯ ಹಾಗೆ ಕಾಣುತ್ತದೆ. 250 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 250 ಗ್ರಾಂ, ಆಸುಪಾಸಿನದು ಕೇಳಿ. ಸುಕ್ಕು ಬಿದ್ದೇ ಬೀಳುತ್ತದೆ, ಊಟಕ್ಕೆ ಕೂತು ಎದ್ದರೆ ಸಾಕು, ಅದು ಆಗದು ಅನ್ನುವವರು ಲಿನನ್ ತಂಟೆಗೆ ಹೋಗಬಾರದು.

ನನ್ನ ಆಯ್ಕೆ ಉಣ್ಣೆ. ನಗಬೇಡಿ! ನೂಲನ್ನು ಬಿಗಿಯಾಗಿ ಹುರಿ ಮಾಡಿ, ಎಳೆಗಳ ನಡುವೆ ಸಂದು ಬಿಟ್ಟು ನೇಯ್ದ ಉಣ್ಣೆ ಬಟ್ಟೆ ಬೇರೆಯೇ ಜಾತಿ. ಟ್ರಾಪಿಕಲ್ ವೂಲ್, ಹಾಪ್‌ಸ್ಯಾಕ್ ಅಂತ ಕೇಳಿ. ಇಂಗ್ಲೆಂಡಿನ ಫ್ರೆಸ್ಕೊ ಇದೇ ಬಗೆಯದು, 1907ರಿಂದ ಇದೆ, ಆದರೆ ಸಿಕ್ಕಾಪಟ್ಟೆ ರೇಟು. ಬಟ್ಟೆಯನ್ನು ಬೆಳಕಿಗೆ ಹಿಡಿದರೆ ಚುಕ್ಕೆ ಚುಕ್ಕೆ ಬೆಳಕು ಕಾಣಬೇಕು, ಬಾಯಿಂದ ಊದಿದರೆ ಆಚೆ ಇಟ್ಟ ಅಂಗೈಗೆ ಗಾಳಿ ತಾಗಬೇಕು. ರಾತ್ರಿ ನೇತುಹಾಕಿದರೆ ಬೆಳಿಗ್ಗೆ ಸುಕ್ಕು ಸುಮಾರಾಗಿ ತಾನೇ ಬಿಟ್ಟಿರುತ್ತದೆ. ಸೀರ್‌ಸಕ್ಕರ್ ಅಂತ ಸುಕ್ಕುಪಟ್ಟೆಯ ಕಾಟನ್ ಒಂದಿದೆ, ಆ ಸುಕ್ಕು ಬಟ್ಟೆಯನ್ನು ಮೈಗೆ ಅಂಟಲು ಬಿಡುವುದಿಲ್ಲ. ತಂಪಿಗೆ ಅದೇ ಫಸ್ಟ್, ಆದರೆ ಮದುವೆ ಹಾಲ್‌ಗೆ ಹಾಕಿಕೊಂಡು ಹೋದರೆ ಕೇಟರಿಂಗ್‌ನವರು ಅಂದುಕೊಂಡಾರು.

ಬಣ್ಣ ನೇವಿ ಆದರೆ ಆಮೇಲೂ ಉಪಯೋಗಕ್ಕೆ ಬರುತ್ತದೆ. ಸೂಟ್ ಬೇಡ, ಒಂದು ಕೋಟು ಸಾಕು. ತಿಳಿ ಬೂದಿ ಪ್ಯಾಂಟು ಹಾಕಬಹುದು, ಪಂಚೆಗೂ ಆದೀತು. ಜೇಬು ಮೇಲಿಂದ ಹೊಲಿದ ಪ್ಯಾಚ್ ಪಾಕೆಟ್ ಇರಲಿ, ಒಳಗೆ ಚೀಲದ ಪದರ ಅಷ್ಟು ಕಡಿಮೆ. ರೆಡಿಮೇಡ್ ತಗೊಂಡರೆ ಭುಜ ಮಾತ್ರ ಸರಿಯಾಗಿ ಕೂತಿರಬೇಕು. ತೋಳು, ಸೊಂಟ ಯಾರಾದರೂ ಸರಿಮಾಡಿ ಕೊಡುತ್ತಾರೆ, ಭುಜ ಬಿಚ್ಚಿದರೆ ಹೊಸ ಕೋಟು ಹೊಲಿದಷ್ಟೇ ಕೆಲಸ.

ಮುಹೂರ್ತಕ್ಕೆ ಹೇಗೂ ಪಂಚೆ-ಶಾಲು ಅಲ್ವಾ, ಕೋಟಿನ ಕಷ್ಟ ಎರಡು ಮೂರು ಗಂಟೆ ಅಷ್ಟೇ. ಮನೆಗೆ ಬಂದ ಮೇಲೆ ಪ್ಲಾಸ್ಟಿಕ್ ಕವರಿನೊಳಗೆ ತುರುಕಬೇಡಿ, ಒಂದು ರಾತ್ರಿ ಗಾಳಿಗೆ ಬಿಡಿ. ಮಂಗಳೂರಿನಲ್ಲಿ ಹೊಲಿಸುವುದಾದರೆ ಮದುವೆ ಸೀಸನ್ ಶುರುವಾಗುವ ಮೊದಲೇ ಅಳತೆ ಕೊಟ್ಟು ಬನ್ನಿ, ಟ್ರಯಲ್‌ಗೆ ಹೋಗುವಾಗ ಆ ದಿನ ಹಾಕುವ ಷರ್ಟನ್ನೇ ಹಾಕಿಕೊಂಡು ಹೋಗಿ.